ಕಲ್ಲಿದ್ದಲ್ಲಿಗೇ ಹೋಗುವ ಸಿಎನ್‌ಸಿ ಯಂತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲ್ಲು ಕೊರೆಯುವ ಚಿಕ್ಕ ಸಿಎನ್‌ಸಿ ಯಂತ್ರ (ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಟೂಲು ನಡೆಸುವ ಯಂತ್ರ) ಮಾಡಬೇಕು, ಬಿಚ್ಚಿ ಗಾಡಿಗೆ ಹಾಕಿಕೊಂಡು ಹೋಗುವ ಹಾಗಿರಬೇಕು ಎಂದು ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಶಿಲ್ಪಿಗಳು ಕೇಳುತ್ತಾರೆ. ಗ್ರಾನೈಟ್ ಅಂಗಡಿಯವರು ಕೇಳುತ್ತಾರೆ. ಡಿಪ್ಲೊಮಾ ಮುಗಿಸಿ ಸ್ವಂತಕ್ಕೆ ಏನಾದರೂ ಮಾಡಬೇಕೆಂದು ಹೊರಟ ಹುಡುಗರೂ ಕೇಳುತ್ತಾರೆ. ನಾನು ಇಂಥ ಮೂರು ಯಂತ್ರ ಕಟ್ಟಿದ್ದೇನೆ. ಮೊದಲನೆಯದನ್ನು ಬಿಚ್ಚಿ ಅದರ ಮೋಟರುಗಳನ್ನು ಎರಡನೆಯದಕ್ಕೆ ಹಾಕಿದೆ. ಮೂರನೆಯದು ಈಗಲೂ ಊರೂರು ಸುತ್ತುತ್ತಿದೆ. ಅಲ್ಲಿ ಕಲಿತದ್ದನ್ನೇ ಇಲ್ಲಿ ಬರೆದಿದ್ದೇನೆ.

ಯಂತ್ರವನ್ನು ಯಾಕೆ ಹೊತ್ತುಕೊಂಡು ಹೋಗಬೇಕು? ಕಲ್ಲನ್ನೇ ವರ್ಕ್‌ಶಾಪಿಗೆ ತಂದರಾಗಲ್ವಾ?

ಚಿಕ್ಕ ಕಲ್ಲಾದರೆ ಖಂಡಿತ ತನ್ನಿ. ಆದರೆ ಒಂದು ಲೆಕ್ಕ ಹಾಕಿ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕೆ.ಜಿ. ತೂಗುತ್ತದೆ. 6 ಅಡಿ ಉದ್ದ, 2 ಅಡಿ ಅಗಲ, ಅರ್ಧ ಅಡಿ ದಪ್ಪದ ಒಂದು ಚಪ್ಪಡಿ ಅಂದರೆ 450 ಕೆ.ಜಿ. ಅದನ್ನು ಎತ್ತಲು ಕ್ರೇನ್ ಬೇಕು, ಇಳಿಸಲು ಕ್ರೇನ್ ಬೇಕು, ಕೊರೆದ ಮೇಲೆ ವಾಪಸ್ ಕಳಿಸಲು ಮತ್ತೆ ಅದೇ ಖರ್ಚು. ದಾರಿಯಲ್ಲಿ ಒಂದು ಅಂಚು ಒಡೆದರೆ ಎಲ್ಲ ಹೋಯಿತು. ಇನ್ನು ಗೋಡೆಗೆ ಕೂರಿಸಿಬಿಟ್ಟ ಕಲ್ಲು, ನೆಟ್ಟ ಕಂಬ, ಹಾಸಿದ ನೆಲ ಇವನ್ನಂತೂ ತರುವ ಮಾತೇ ಇಲ್ಲ. ಇಂಥ ಕಡೆ ನೂರಿಪ್ಪತ್ತು ಕೆ.ಜಿ.ಯ ಯಂತ್ರ ಕಲ್ಲಿನ ಹತ್ತಿರ ಹೋಗುವುದೇ ಸುಲಭ.

ಹೊತ್ತೊಯ್ಯುವ ಯಂತ್ರ ಅಂದರೆ ತೂಕ ಎಷ್ಟಿರಬೇಕು?

ಒಟ್ಟು ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದೊಂದು ಭಾಗದ ತೂಕ ನೋಡಿ. ಇಬ್ಬರು ಸೇರಿ ಮೆಟ್ಟಿಲು ಹತ್ತಿಸುವಷ್ಟಿದ್ದರೆ ಸಾಕು. ನಾನು ಒಂದು ಭಾಗಕ್ಕೆ 25ರಿಂದ 30 ಕೆ.ಜಿ. ಎಂದು ಗೆರೆ ಎಳೆದುಕೊಂಡಿದ್ದೇನೆ. ನನ್ನ ಯಂತ್ರ ಐದು ಭಾಗವಾಗಿ ಬಿಚ್ಚುತ್ತದೆ: ಎರಡು ಬದಿ ತೊಲೆ, ಅಡ್ಡ ತೊಲೆ, ಸ್ಪಿಂಡಲ್ (ಟೂಲು ತಿರುಗಿಸುವ ಮೋಟರ್) ಹೊತ್ತು ಮೇಲೆ ಕೆಳಗೆ ಸರಿಯುವ ಝಡ್ ಭಾಗ, ವೈರಿಂಗ್ ಪೆಟ್ಟಿಗೆ. ನೀರಿನ ಬಕೆಟ್ಟು, ಪಂಪು ಬೇರೆ. ಎಲ್ಲ ಸೇರಿ ಟಾಟಾ ಏಸ್‌ನ ಹಿಂಬದಿಯಲ್ಲಿ ಅರ್ಧ ಜಾಗ ಹಿಡಿಯುತ್ತದೆ.

ಕೊರೆಯುವ ಜಾಗ 900 ಮಿ.ಮೀ. ಉದ್ದ, 600 ಮಿ.ಮೀ. ಅಗಲ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ದೊಡ್ಡದು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ದೊಡ್ಡ ಕಲ್ಲಾದರೆ ಒಂದು ಭಾಗ ಕೊರೆದು ಯಂತ್ರವನ್ನೇ ಮುಂದಕ್ಕೆ ಸರಿಸಿ. ಯಾಕೆ ಎಂದು ಕೆಳಗೆ ಹೇಳುತ್ತೇನೆ.

ನನ್ನ ಹತ್ತಿರ ಮರ ಕೊರೆಯುವ ಸಿಎನ್‌ಸಿ ರೂಟರ್ ಇದೆ. ಅದಕ್ಕೇ ವಜ್ರದ ಬಿಟ್ ಹಾಕಿದರೆ ಆಗಲ್ವಾ?

ಬಳಪದ ಕಲ್ಲಿಗೆ ಆಗುತ್ತದೆ. ಗ್ರಾನೈಟ್‌ಗೆ ಆಗುವುದಿಲ್ಲ. ಮರವನ್ನು ಟೂಲ್ ಕತ್ತರಿಸುತ್ತದೆ. ಗ್ರಾನೈಟನ್ನು ಯಾವ ಟೂಲೂ ಕತ್ತರಿಸುವುದಿಲ್ಲ, ವಜ್ರದ ಹರಳುಗಳು ಅದನ್ನು ಉಜ್ಜಿ ಉಜ್ಜಿ ಪುಡಿ ಮಾಡುತ್ತವೆ. ಉಜ್ಜಬೇಕಾದರೆ ಒತ್ತಬೇಕು. ಒತ್ತಿದರೆ ಮರದ ಯಂತ್ರದ ತೊಲೆ ಮೇಲಕ್ಕೆ ಬಾಗುತ್ತದೆ, ಟೂಲ್ ಜಾರುತ್ತದೆ, ಮತ್ತೆ ಕಚ್ಚುತ್ತದೆ. ಈ ಜಾರಾಟ ಕಚ್ಚಾಟದಲ್ಲಿ ವಜ್ರ ಉದುರಿಹೋಗುತ್ತದೆ. ಜೊತೆಗೆ ಮರದ ಯಂತ್ರಕ್ಕೆ ನೀರು ಆಗಿಬರುವುದಿಲ್ಲ. ಅದರ ಬೆಡ್ಡು ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆ, ನೆನೆದರೆ ಇಡ್ಲಿಯ ಹಾಗೆ ಉಬ್ಬುತ್ತದೆ.

ಗೋಡೆಗೆ ನೇತುಹಾಕುವ ಮ್ಯಾಸ್ಲೋ ಥರದ ಯಂತ್ರಗಳ ಬಗ್ಗೆಯೂ ಕೇಳುತ್ತಾರೆ. ಪ್ಲೈವುಡ್ ಹಾಳೆಗೆ ಅದು ಜಾಣ ಉಪಾಯ. ಕಲ್ಲಿಗೆ ಬೇಕಾದ ಬಿಗಿ ಅದರಲ್ಲಿ ಬರುವುದಿಲ್ಲ.

ಎಲ್ಲ ಕಲ್ಲಿಗೂ ಒಂದೇ ಯಂತ್ರ ಸಾಕಾ?

ಯಂತ್ರ ಒಂದೇ ಸಾಕು. ಟೂಲು, ವೇಗ, ತಾಳ್ಮೆ ಬೇರೆ ಬೇರೆ ಬೇಕು.

ಗಡಸುತನವನ್ನು ಮೋಸ್ ಮಾಪಕದಲ್ಲಿ 1ರಿಂದ 10ರವರೆಗೆ ಅಳೆಯುತ್ತಾರೆ. ಬಳಪದ ಕಲ್ಲಿನಲ್ಲಿರುವ ಟಾಲ್ಕ್‌ಗೆ 1. ಅಮೃತಶಿಲೆ, ಶಹಾಬಾದ್ ಕಲ್ಲು ಇವುಗಳ ಕ್ಯಾಲ್ಸೈಟ್‌ಗೆ 3. ಗ್ರಾನೈಟ್‌ನಲ್ಲಿರುವ ಫೆಲ್ಡ್‌ಸ್ಪಾರ್‌ಗೆ 6, ಬೆಣಚಿಗೆ 7. ವಜ್ರಕ್ಕೆ 10. ಸಾದರಹಳ್ಳಿಯ ಬೂದು ಗ್ರಾನೈಟ್, ಇಳಕಲ್ಲಿನ ಕೆಂಪು ಕಲ್ಲು ಇವುಗಳಲ್ಲಿ ಬೆಣಚು ಇದೆ, ಹರಳೂ ದಪ್ಪ. ಚಾಮರಾಜನಗರದ ಕರಿಕಲ್ಲಿನಲ್ಲಿ ಬೆಣಚು ತೀರ ಕಡಿಮೆ, ಹರಳು ಸಣ್ಣ. ಹಾಗಾಗಿ ಅದರ ಮೇಲೆ ಅಕ್ಷರದ ಅಂಚು ಚೂಪಾಗಿ ನಿಲ್ಲುತ್ತದೆ. ನಾಮಫಲಕಕ್ಕೆ ಕರಿಕಲ್ಲನ್ನೇ ಕೇಳುವುದು ಬರೀ ಬಣ್ಣಕ್ಕಲ್ಲ.

ಯಂತ್ರ ಇಳಿಸುವ ಮೊದಲು ಕಲ್ಲನ್ನು ಪರೀಕ್ಷೆ ಮಾಡಿ. ಇದನ್ನು ನನಗೆ ಕಲಿಸಿದ್ದು ಶಿಲ್ಪಿಗಳು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳ್ಳೆಯ ಕಲ್ಲು ಗಂಟೆಯ ಹಾಗೆ ಟಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಸತ್ತುಹೋಗುತ್ತದೆ. ಆಮೇಲೆ ಇಡೀ ಮುಖಕ್ಕೆ ನೀರು ಒರೆಸಿ ಕಾಯಿರಿ. ಎಲ್ಲ ಕಡೆ ಒಣಗಿದ ಮೇಲೂ ಒಂದು ಎಳೆ ಒದ್ದೆಯಾಗಿ ಉಳಿದಿದ್ದರೆ ಅದೇ ಬಿರುಕು. ಅಲ್ಲಿ ಅಕ್ಷರ ಬಾರದ ಹಾಗೆ ವಿನ್ಯಾಸವನ್ನು ಸರಿಸಿ.

ಫ್ರೇಮು ಕಬ್ಬಿಣದ್ದೋ ಅಲ್ಯೂಮಿನಿಯಮ್ಮಿನದೋ?

ಅಡ್ಡ ತೊಲೆಗೆ ಕಬ್ಬಿಣ. ಇದರಲ್ಲಿ ನನಗೆ ಈಗ ಅನುಮಾನವೇ ಉಳಿದಿಲ್ಲ.

ಒಂದು ಮೀಟರ್ ಉದ್ದದ ಚೌಕ ಕಬ್ಬಿಣದ ಪೈಪು ತೆಗೆದುಕೊಳ್ಳಿ. 40 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ್ದು. ಎರಡೂ ತುದಿಗೆ ಆಸರೆ ಕೊಟ್ಟು ನಡುವೆ 20 ಕೆ.ಜಿ. ಭಾರ ಹಾಕಿದರೆ ಅದು ಕಾಲು ಮಿ.ಮೀ.ಗಿಂತ ಜಾಸ್ತಿ ಬಾಗುತ್ತದೆ. ಅದೇ ಉದ್ದಕ್ಕೆ 80 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಪೈಪು ಹಾಕಿ. ಬಾಗುವುದು 0.02 ಮಿ.ಮೀ.ಗಿಂತ ಕಡಿಮೆ. ತೂಕ ನಾಲ್ಕು ಪಟ್ಟು ಆಯಿತು, ಬಿಗಿ ಹದಿನಾರು ಪಟ್ಟು ಆಯಿತು. ಉದ್ದದ ಲೆಕ್ಕವೂ ಹೀಗೇ. ತೊಲೆಯ ಉದ್ದ ದುಪ್ಪಟ್ಟಾದರೆ ಬಾಗುವುದು ಎಂಟು ಪಟ್ಟು. ದೊಡ್ಡ ಯಂತ್ರ ಬೇಡ ಎಂದದ್ದು ಇದಕ್ಕೇ.

ಪೈಪು ಯಾವಾಗಲೂ ಮುಚ್ಚಿದ ಆಕಾರದ್ದೇ ಇರಲಿ. ಸಿ ಚಾನೆಲ್ ನೋಡಲು ಗಟ್ಟಿ ಕಾಣುತ್ತದೆ, ಆದರೆ ತಿರುಚಿದರೆ ಬಟ್ಟೆ ಹಿಂಡಿದ ಹಾಗೆ ತಿರುಗುತ್ತದೆ. ಟೂಲ್ ತೊಲೆಯ ಕೆಳಗೆ ನೇತಾಡುವುದರಿಂದ ಕೊರೆಯುವಾಗ ತೊಲೆಯನ್ನು ತಿರುಚುವ ಬಲವೇ ಜಾಸ್ತಿ.

ಅಲ್ಯೂಮಿನಿಯಮ್ ಮೂರರಲ್ಲಿ ಒಂದು ಪಾಲು ತೂಕ, ಬಿಗಿಯೂ ಮೂರರಲ್ಲಿ ಒಂದು ಪಾಲು. ದೊಡ್ಡ ಆಕಾರದ ಪೈಪು ಹಾಕಿ ಸರಿದೂಗಿಸಬಹುದು. ನನ್ನ ಎರಡನೇ ಯಂತ್ರದಲ್ಲಿ ಹಾಗೇ ಮಾಡಿದ್ದೆ. ಹಗುರವಾಗಿತ್ತು, ಚೆನ್ನಾಗಿಯೂ ಇತ್ತು. ಒಂದು ದೇವಸ್ಥಾನದ ಅಂಗಳದಲ್ಲಿ ಬೆಳಿಗ್ಗೆ ಎಂಟಕ್ಕೆ ನೆರಳಿನಲ್ಲಿ ಜೋಡಿಸಿ, ದಾನಿಗಳ ಹೆಸರು ಕೊರೆಯಲು ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ನೇರ ತೊಲೆಯ ಮೇಲೆ. ಮುಟ್ಟಿದರೆ ಕೈ ಸುಡುತ್ತಿತ್ತು. ಸಂಜೆ ನೀರು ಹೊಯ್ದು ತೊಳೆದಾಗ ನೋಡುತ್ತೇನೆ, ಕೊನೆಯ ನಾಲ್ಕು ಸಾಲಿನಲ್ಲಿ ನಡುವಿನ ಅಕ್ಷರಗಳು ಮಾತ್ರ ದಪ್ಪ. ಎರಡೂ ತುದಿಯವು ಸರಿಯಾಗಿವೆ.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಒಂದು ಮೀಟರ್ ಅಲ್ಯೂಮಿನಿಯಮ್ 20 ಡಿಗ್ರಿ ಕಾದರೆ 0.46 ಮಿ.ಮೀ. ಉದ್ದವಾಗುತ್ತದೆ. ಕಬ್ಬಿಣ 0.24. ನನ್ನ ತೊಲೆ ಅಲ್ಯೂಮಿನಿಯಮ್ಮಿನದು, ಅದರ ಮೇಲ್ಮುಖಕ್ಕೆ ಬೋಲ್ಟ್ ಮಾಡಿದ, ಸ್ಪಿಂಡಲ್ ಜಾರುವ ರೈಲು ಉಕ್ಕಿನದು. ಕೆಳಗಿನದು ಜಾಸ್ತಿ ಹಿಗ್ಗಿತು, ಮೇಲಿನದು ಬಿಡಲಿಲ್ಲ, ತೊಲೆ ನಡುವೆ ಕೆಳಗೆ ಬಾಗಿತು. ತುದಿ ಚೂಪಾದ 90 ಡಿಗ್ರಿ ವಿ ಬಿಟ್‌ನಲ್ಲಿ 0.15 ಮಿ.ಮೀ. ಆಳ ಜಾಸ್ತಿಯಾದರೆ ಗೆರೆ 0.3 ಮಿ.ಮೀ. ಅಗಲವಾಗುತ್ತದೆ. ಸಣ್ಣ ಅಕ್ಷರದಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಕಬ್ಬಿಣದ ತೊಲೆಗೆ ಉಕ್ಕಿನ ರೈಲು ಹಾಕಿದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಒಟ್ಟಿಗೆ ಕುಗ್ಗುತ್ತವೆ. ಈಗ ನನ್ನ ತೊಲೆಗೆ ಬಿಳಿ ಬಣ್ಣ ಬಳಿದಿದ್ದೇನೆ. ಮೇಲೆ ಶಾಮಿಯಾನ ಕಟ್ಟದೆ ಕೆಲಸ ಶುರು ಮಾಡುವುದಿಲ್ಲ.

ಬಿಚ್ಚಿ ಜೋಡಿಸಿದ ಮೇಲೆ ಅಳತೆ ಹಾಗೇ ಉಳಿಯುತ್ತಾ?

ನನ್ನನ್ನು ಕೇಳಿದರೆ ಇದೊಂದೇ ಪ್ರಶ್ನೆ ಮುಖ್ಯ. ಹೊತ್ತೊಯ್ಯುವ ಯಂತ್ರದ ಜೀವ ಇರುವುದು ಕಂಪ್ಯೂಟರಿನಲ್ಲಿ ಅಲ್ಲ, ಬಿಚ್ಚುವ ಕೀಲಿನಲ್ಲಿ. ಉಳಿದ ಎಲ್ಲ ಭಾಗ ಅಂಗಡಿಯಲ್ಲಿ ಸಿಗುತ್ತದೆ. ಕೀಲು ಮಾತ್ರ ನೀವೇ ಯೋಚಿಸಿ ಮಾಡಬೇಕು.

ಬೋಲ್ಟಿನ ಕೆಲಸ ಬಿಗಿಹಿಡಿಯುವುದು ಮಾತ್ರ. ಎಲ್ಲಿ ಕೂರಬೇಕೆಂದು ಹೇಳುವ ಕೆಲಸ ಅದರದಲ್ಲ. ಬೋಲ್ಟಿನ ತೂತು ಯಾವಾಗಲೂ ಬೋಲ್ಟಿಗಿಂತ ಸ್ವಲ್ಪ ದೊಡ್ಡದು, ಆ ಸಡಿಲದಲ್ಲಿ ತೊಲೆ ಸರಿದಾಡುತ್ತದೆ. ಜಾಗ ಹೇಳಲು ತೂತಿಗೆ ಬಿಗಿಯಾಗಿ ಕೂರುವ ಡೋವೆಲ್ ಪಿನ್ ಬೇಕು. ಒಂದು ಕೀಲಿಗೆ ಎರಡೇ ಪಿನ್, ಒಂದರಿಂದ ಒಂದು ಎಷ್ಟು ದೂರ ಆಗುತ್ತದೋ ಅಷ್ಟು ದೂರ. ಒಂದು ಪಿನ್ ಪೂರ್ತಿ ಗುಂಡಗಿರಲಿ. ಇನ್ನೊಂದರ ಎರಡು ಬದಿ ತೇಯ್ದು ಚಪ್ಪಟೆ ಮಾಡಿ. ಎರಡೂ ಗುಂಡಗಿದ್ದರೆ ಬಿಸಿಲಲ್ಲಿ ಕಾದ ಯಂತ್ರವನ್ನು ಬಿಚ್ಚಲು ಆಗುವುದೇ ಇಲ್ಲ, ಸುತ್ತಿಗೆ ಏಟು ಹಾಕಬೇಕಾಗುತ್ತದೆ. ಸುತ್ತಿಗೆ ಬಿದ್ದ ದಿನ ಅಳತೆ ಮುಗಿಯಿತು.

ಪಿನ್ನಿನ ತೂತನ್ನು ಎರಡೂ ಭಾಗ ಜೋಡಿಸಿ, ಕೋನ ಸರಿ ಮಾಡಿ, ಬೋಲ್ಟ್ ಬಿಗಿದ ಮೇಲೆ ಒಟ್ಟಿಗೆ ಡ್ರಿಲ್ ಮಾಡಿ ರೀಮರ್ ಹಾಕಿಸಿ. ಬೇರೆ ಬೇರೆ ಕೊರೆದು ಆಮೇಲೆ ಕೂರಿಸುತ್ತೇನೆ ಎಂದರೆ ಕೂರುವುದಿಲ್ಲ. ಒಂದಕ್ಕೊಂದು ತಾಗುವ ಮುಖಗಳನ್ನು ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಮಿಲ್ಲಿಂಗ್ ಮಾಡಿಸಿ. ವೆಲ್ಡಿಂಗ್‌ನ ಬಿಸಿಗೆ ಕಬ್ಬಿಣ ಎಳೆದುಕೊಂಡಿರುತ್ತದೆ, ಮೊದಲೇ ಮಿಲ್ ಮಾಡಿದ್ದು ದಂಡ. ಆ ಮುಖಗಳಿಗೆ ಬಣ್ಣ ಬೇಡ, ತೆಳುವಾಗಿ ಎಣ್ಣೆ ಸಾಕು. ಜೋಡಿಸುವ ಮೊದಲು ಬಟ್ಟೆಯಲ್ಲಿ ಒರೆಸಿ ಬೆರಳಾಡಿಸಿ ನೋಡಿ. ಒಂದು ಮರಳಿನ ಕಣ ನಡುವೆ ಸಿಕ್ಕಿಕೊಂಡರೆ ಮೀಟರ್ ದೂರದ ತುದಿಯಲ್ಲಿ ಅದರ ಹಲವು ಪಟ್ಟು ವಾಲುತ್ತದೆ. ಬೋಲ್ಟನ್ನು ಟಾರ್ಕ್ ವ್ರೆಂಚ್‌ನಲ್ಲೇ ಬಿಗಿಯಿರಿ. 8.8 ದರ್ಜೆಯ ಎಂ10 ಬೋಲ್ಟಿಗೆ 45ರಿಂದ 50 ನ್ಯೂಟನ್ ಮೀಟರ್. ಪ್ರತಿ ಸಲ ಅಷ್ಟೇ. ಒಬ್ಬ ಸಹಾಯಕ ಜೋರಾಗಿ, ಇನ್ನೊಬ್ಬ ಮೆತ್ತಗೆ ಬಿಗಿದರೆ ಫ್ರೇಮು ಎರಡು ಥರ ಕೂರುತ್ತದೆ.

ಜೋಡಿಸಿದ ಮೇಲೆ ಮೂಲೆಮಟ್ಟ ನೋಡಿ. ಹಳೆಯ ಗಾರೆ ಕೆಲಸದವರ 3-4-5 ಲೆಕ್ಕವೇ ಸಾಕು. ಒಂದು ಬದಿ 600, ಇನ್ನೊಂದು ಬದಿ 800 ಗುರುತು ಮಾಡಿದರೆ ಓರೆ ಸರಿಯಾಗಿ 1000 ಮಿ.ಮೀ. ಬರಬೇಕು. ಎರಡು ಮೂಲೆಯಿಂದ ಮೂಲೆಗೆ ಅಳೆದು ಸಮ ಇದೆಯೇ ಎಂದೂ ನೋಡಿ.

ಕಾಲು ಎಷ್ಟಿರಬೇಕು? ನೆಲ ಮಟ್ಟ ಇಲ್ಲದಿದ್ದರೆ?

ನೆಲ ಯಾವತ್ತೂ ಮಟ್ಟ ಇರುವುದಿಲ್ಲ. ಮೂರು ಕಾಲು ಕೊಡಿ. ಮೂರು ಕಾಲಿನ ಸ್ಟೂಲು ಎಲ್ಲಿಟ್ಟರೂ ಅಲುಗಾಡುವುದಿಲ್ಲ ಅಲ್ವಾ, ಅದೇ ಕಾರಣ. ನಾಲ್ಕು ಕಾಲಿದ್ದರೆ ನೆಲದ ಸೊಟ್ಟ ಫ್ರೇಮಿಗೆ ಬರುತ್ತದೆ.

ಬೆಡ್ ಇಲ್ಲದೆ ಯಂತ್ರ ನಿಲ್ಲುತ್ತಾ?

ನಿಲ್ಲುತ್ತದೆ. 450 ಕೆ.ಜಿ.ಯ ಕಲ್ಲಿಗೆ ಇನ್ನೊಂದು ಬೆಡ್ ಯಾಕೆ? ಕಲ್ಲೇ ಬೆಡ್. ಫ್ರೇಮು ಕಲ್ಲಿನ ಸುತ್ತ ಕೂರುತ್ತದೆ, ಇಲ್ಲವೇ ಕಲ್ಲಿನ ಮೇಲೇ ಕೂರುತ್ತದೆ. ಮೇಲೆ ಕೂತರೆ ಇನ್ನೂ ಒಳ್ಳೆಯದು, ಯಂತ್ರ ಮತ್ತು ಕಲ್ಲು ಒಟ್ಟಿಗೇ ಅಲುಗುತ್ತವೆ. ಪಾಲಿಶ್ ಮಾಡಿದ ಮುಖವಾದರೆ ವ್ಯಾಕ್ಯೂಮ್ ಕಪ್ ಹಿಡಿಯುತ್ತದೆ. ಒರಟು ಮುಖಕ್ಕೆ ಹಿಡಿಯುವುದಿಲ್ಲ, ಅಲ್ಲಿ ಕ್ಲ್ಯಾಂಪು.

ಕಲ್ಲಿನ ಮುಖ ಓರೆ ಇದ್ದರೆ ಯಂತ್ರವನ್ನು ಮಟ್ಟ ಮಾಡಲು ಗಂಟೆಗಟ್ಟಲೆ ಒದ್ದಾಡಬೇಡಿ. ಮುಖಕ್ಕೆ ತಾಗಿ ಎತ್ತರ ಹೇಳುವ ಪ್ರೋಬ್‌ನಿಂದ ಎತ್ತರ ತಗ್ಗನ್ನು ಅಳೆದು, ಯಂತ್ರ ನಡೆಸುವ ಕಂಟ್ರೋಲರ್‌ಗೆ ಕೊಡಿ, ಅದು ಟೂಲನ್ನು ಅದಕ್ಕೆ ತಕ್ಕ ಹಾಗೆ ಏರಿಸಿ ಇಳಿಸುತ್ತದೆ. ಒಂದು ವಿಷಯ ನೆನಪಿರಲಿ. ಕಬ್ಬಿಣಕ್ಕೆ ಮಾಡುವ ಹಾಗೆ ಕರೆಂಟಿನ ತಂತಿ ಸಿಕ್ಕಿಸಿ ಪ್ರೋಬ್ ಮಾಡಲು ಬರುವುದಿಲ್ಲ, ಒಣಕಲ್ಲಿನಲ್ಲಿ ಕರೆಂಟು ಹರಿಯದು. ತಾಗಿದ ಕೂಡಲೇ ಸ್ವಿಚ್ ಆಗುವ ಪ್ರೋಬೇ ಬೇಕು.

ಬಾಲ್ ಸ್ಕ್ರೂ, ರ್ಯಾಕ್, ಬೆಲ್ಟ್ ಇವುಗಳಲ್ಲಿ ಯಾವುದು?

ಮೋಟರಿನ ಸುತ್ತನ್ನು ನೇರ ನಡಿಗೆ ಮಾಡಲು ಈ ಅಳತೆಗೆ ಬಾಲ್ ಸ್ಕ್ರೂ. ಬೆಲ್ಟು ಎಳೆಯುತ್ತದೆ. ರ್ಯಾಕಿನ ಹಲ್ಲಿನೊಳಗೆ ಕಲ್ಲಿನ ಕೆಸರು ಕೂತು ಅರೆಯುತ್ತದೆ. 16 ಅಥವಾ 20 ಮಿ.ಮೀ. ದಪ್ಪದ, 5 ಮಿ.ಮೀ. ಪಿಚ್ಚಿನ (ಒಂದು ಸುತ್ತಿಗೆ 5 ಮಿ.ಮೀ. ನಡೆಸುವ) ಸ್ಕ್ರೂ ಸಾಕು. ಸಾಮಾನ್ಯವಾಗಿ ಸಿಗುವುದು ಸಿ7 ದರ್ಜೆ, 300 ಮಿ.ಮೀ.ಗೆ 0.05 ಮಿ.ಮೀ. ವ್ಯತ್ಯಾಸ. ಕಲ್ಲಿನ ಕೆಲಸಕ್ಕೆ ಅದು ಧಾರಾಳ. ನಿಖರತೆಗೆ ಎಂದು ಜಾಸ್ತಿ ದುಡ್ಡು ಕೊಡಬೇಡಿ, ಆ ದುಡ್ಡನ್ನು ಕೆಸರು ತಡೆಯುವ ಸೀಲು ಮತ್ತು ಬೆಲ್ಲೋಸ್‌ಗೆ (ಮಡಿಕೆ ಹೊದಿಕೆಗೆ) ಹಾಕಿ.

ಸ್ಟೆಪ್ಪರ್ ಸಾಕಾ, ಸರ್ವೋ ಬೇಕಾ?

ಕ್ಲೋಸ್ಡ್ ಲೂಪ್ ಸ್ಟೆಪ್ಪರ್ ಸಾಕು, ಅಂದರೆ ತಾನು ಎಷ್ಟು ತಿರುಗಿದೆ ಎಂದು ತಾನೇ ನೋಡಿಕೊಳ್ಳುವ ಮೋಟರು. ಸಾಮಾನ್ಯ ಸ್ಟೆಪ್ಪರ್ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ, 5 ಮಿ.ಮೀ. ಪಿಚ್ಚಿನಲ್ಲಿ ಒಂದು ಹೆಜ್ಜೆ 0.025 ಮಿ.ಮೀ. ತೊಂದರೆ ಅದಲ್ಲ. ಬೆಣಚಿನ ಹರಳು ಅಡ್ಡ ಬಂದು ಕೆಲವು ಹೆಜ್ಜೆ ತಪ್ಪಿದರೆ ಸಾಮಾನ್ಯ ಸ್ಟೆಪ್ಪರ್‌ಗೆ ಅದು ಗೊತ್ತೇ ಆಗುವುದಿಲ್ಲ. ಉಳಿದ ಇಡೀ ಕೆಲಸ ಪಕ್ಕಕ್ಕೆ ಸರಿದು ಕೊರೆಯುತ್ತದೆ. ಕ್ಲೋಸ್ಡ್ ಲೂಪ್ ಆದರೆ ಅಲಾರಂ ಕೊಟ್ಟು ನಿಲ್ಲುತ್ತದೆ. ಕಲ್ಲಿನಲ್ಲಿ ಅಳಿಸಿ ಬರೆಯಲು ಬರುವುದಿಲ್ಲವಲ್ಲ.

ಸ್ಪಿಂಡಲ್ ಎಷ್ಟು ಕಿಲೋವ್ಯಾಟ್?

2.2 ಕಿಲೋವ್ಯಾಟ್, ನೀರಿನಿಂದ ತಣಿಯುವಂಥದ್ದು. 80 ಮಿ.ಮೀ. ವ್ಯಾಸ, ಬಿಟ್ ಹಿಡಿಯಲು ಇಆರ್20 ಕಾಲೆಟ್, 400 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 24,000 ಸುತ್ತು. ಗಾಳಿಯಿಂದ ತಣಿಯುವ ಸ್ಪಿಂಡಲ್ ಸುತ್ತಲಿನ ನೀರಿನ ಮಂಜನ್ನೂ ಪುಡಿಯನ್ನೂ ತನ್ನ ಮೇಲೇ ಎಳೆದುಕೊಳ್ಳುತ್ತದೆ. ಕಲ್ಲಿನ ಕೆಲಸಕ್ಕೆ ಅದು ಬೇಡ.

ಯಾವ ಬಿಟ್? ಎಷ್ಟು ವೇಗ?

ವಜ್ರದ ಬಿಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎಲೆಕ್ಟ್ರೋಪ್ಲೇಟೆಡ್ ಬಿಟ್‌ನಲ್ಲಿ ಮೇಲ್ಮೈ ಮೇಲೆ ಒಂದೇ ಪದರ ವಜ್ರ ಇರುತ್ತದೆ. ಅಗ್ಗ, ಆಕಾರ ಚೂಪು, ಆ ಪದರ ಹೋದರೆ ಬಿಟ್ ಮುಗಿಯಿತು. ಸಿಂಟರ್ಡ್ ಬಿಟ್‌ನಲ್ಲಿ ಲೋಹದ ಒಳಗೆಲ್ಲ ವಜ್ರ ಬೆರೆತಿರುತ್ತದೆ. ಸವೆದ ಹಾಗೆ ಹೊಸ ವಜ್ರ ಹೊರಬರುತ್ತದೆ. ಗ್ರಾನೈಟ್‌ನಲ್ಲಿ ದಿನವಿಡೀ ಕೆಲಸವಿದ್ದರೆ ಸಿಂಟರ್ಡ್ ತೆಗೆದುಕೊಳ್ಳಿ. ಬಳಪದ ಕಲ್ಲಿಗೆ ಕಾರ್ಬೈಡ್ ಬಿಟ್ಟೇ ನಡೆಯುತ್ತದೆ.

ನಾನು ಶುರು ಮಾಡುವ ಅಂಕಿ ಹೇಳುತ್ತೇನೆ, ನಿಮ್ಮ ಕಲ್ಲಿಗೆ ತಕ್ಕ ಹಾಗೆ ಬದಲಿಸಿ. 6 ಮಿ.ಮೀ. ವಜ್ರದ ಬಿಟ್, ಗ್ರಾನೈಟ್: 18,000 ಸುತ್ತು, ಒಂದು ಸಲಕ್ಕೆ 0.3 ಮಿ.ಮೀ. ಆಳ, ನಿಮಿಷಕ್ಕೆ 500 ಮಿ.ಮೀ. ನಡಿಗೆ. ಬಳಪದ ಕಲ್ಲು: ಒಂದೂವರೆ ಮಿ.ಮೀ. ಆಳ, ನಿಮಿಷಕ್ಕೆ 1500. ಕಿವಿ ತೆರೆದಿರಲಿ. ಒಂದೇ ಸಮನೆ ಸುಯ್ ಎನ್ನುತ್ತಿದ್ದರೆ ಸರಿ. ಕೀರಲು ದನಿ ಬಂದರೆ ವಜ್ರದ ಮೇಲೆ ಲೋಹ ಸವರಿಕೊಂಡು ಬಿಟ್ ಮೊಂಡಾಗಿದೆ ಎಂದರ್ಥ. ಮೆತ್ತನೆಯ ಇಟ್ಟಿಗೆಯ ಮೇಲೆ ಎರಡು ಗೆರೆ ಓಡಿಸಿದರೆ ವಜ್ರ ಮತ್ತೆ ಹೊರಬರುತ್ತದೆ.

ಬಿಟ್ಟನ್ನು ನೇರವಾಗಿ ಕೆಳಗೆ ಇಳಿಸಬೇಡಿ. ತುದಿಯ ನಟ್ಟನಡುವೆ ಸುತ್ತುವ ವೇಗ ಸೊನ್ನೆ, ಅಲ್ಲಿ ಉಜ್ಜುವುದೇ ಇಲ್ಲ, ಬರೀ ಒತ್ತುತ್ತದೆ. ಇಳಿಜಾರಾಗಿ ಇಲ್ಲವೇ ಸುರುಳಿಯಾಗಿ ಇಳಿಸಿ.

ನೀರು ಹಾಕಲೇಬೇಕಾ? ಒಣದಾಗಿಯೇ ಕೊರೆದರೆ ಏನಾಗುತ್ತೆ?

ಹಾಕಲೇಬೇಕು. ಬಿಟ್ ಉಳಿಯಲಿ ಎಂದು ಮಾತ್ರ ಅಲ್ಲ, ನೀವು ಉಳಿಯಬೇಕು ಎಂದು.

ಬೆಣಚು ಅಂದರೆ ಸಿಲಿಕಾ. ಅದರ ಅತಿ ಸಣ್ಣ ಕಣಗಳು ಕಣ್ಣಿಗೆ ಕಾಣುವುದಿಲ್ಲ, ಕೆಮ್ಮೂ ಬರಿಸುವುದಿಲ್ಲ. ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತವೆ. ಅಲ್ಲಿ ಗಾಯದ ಕಲೆಯಂತೆ ಗಟ್ಟಿಯಾಗುತ್ತಾ ಉಸಿರಾಟದ ಜಾಗವನ್ನೇ ತಿನ್ನುತ್ತದೆ. ಇದು ಸಿಲಿಕೋಸಿಸ್. ವಾಸಿ ಮಾಡುವ ಔಷಧವಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿದ್ದರು. ಅಡುಗೆಮನೆಯ ಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಜ್ ಕಲ್ಲಿನಲ್ಲಿ ಸಿಲಿಕಾ ಇನ್ನೂ ಜಾಸ್ತಿ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ನನ್ನ ಯಂತ್ರದಲ್ಲಿ ನಾನು ಆ ಕಲ್ಲನ್ನು ಕೊರೆಯುವುದಿಲ್ಲ, ಎಷ್ಟು ಕೊಟ್ಟರೂ.

ಕಲ್ಲು ಕೆಲಸ ಮಾಡಿ ಐವತ್ತಕ್ಕೇ ನಾಲ್ಕು ಮೆಟ್ಟಿಲು ಹತ್ತಲಾರದೆ ಕೂರುವವರನ್ನು ನಾನು ನೋಡಿದ್ದೇನೆ. ಅವರ ಕಾಲದಲ್ಲಿ ಹೇಳುವವರಿರಲಿಲ್ಲ. ನಮಗೆ ಗೊತ್ತಿದೆ. ಹಾಗಾಗಿ ಯಂತ್ರದ ವಿನ್ಯಾಸದಲ್ಲೇ ಇದನ್ನು ಸೇರಿಸಿ: ನೀರು ಹರಿಯದಿದ್ದರೆ ಸ್ಪಿಂಡಲ್ ತಿರುಗಬಾರದು. ಒಂದು ಫ್ಲೋ ಸ್ವಿಚ್, ಎರಡು ತಂತಿ, ಅಷ್ಟೇ ಕೆಲಸ. ನೀರಿದ್ದರೂ ಮಂಜಿನಲ್ಲಿ ಕಣ ಇರುತ್ತದೆ, ಎನ್95 ಮಾಸ್ಕ್ ಹಾಕಿ. ಗಡ್ಡ ಬಿಟ್ಟಿದ್ದರೆ ಮಾಸ್ಕ್ ಮುಖಕ್ಕೆ ಕೂರುವುದಿಲ್ಲ, ಪಕ್ಕದಿಂದ ಗಾಳಿ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕೆಸರು ಒಣಗುವ ಮೊದಲೇ ತೊಳೆದುಬಿಡಿ. ಒಣಗಿದ ಮೇಲೆ ಪೊರಕೆ ಹಿಡಿದರೆ ಇಡೀ ದಿನ ಹಿಡಿದಿಟ್ಟ ಧೂಳು ಒಂದೇ ಸಲ ಮೇಲೇಳುತ್ತದೆ. ಆ ಬಟ್ಟೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ.

ಅಷ್ಟು ನೀರು ಎಲ್ಲಿಂದ ತರುವುದು? ಕೆಸರನ್ನು ಏನು ಮಾಡುವುದು?

ಮೂರು ಬಕೆಟ್ ಸಾಲಾಗಿ ಇಡಿ. ಕೆಸರುನೀರು ಮೊದಲನೆಯದಕ್ಕೆ ಬೀಳಲಿ, ತಿಳಿಯಾದದ್ದು ಎರಡನೆಯದಕ್ಕೆ ತುಳುಕಲಿ, ಅಲ್ಲಿಂದ ಮೂರನೆಯದಕ್ಕೆ. ಪಂಪು ಮೂರನೆಯದರಲ್ಲಿ. ಅದೇ ನೀರು ಇಡೀ ದಿನ ಸುತ್ತುತ್ತದೆ. ಸ್ಪಿಂಡಲ್ ತಣಿಸುವ ನೀರಿಗೆ ಬೇರೆಯೇ ಬಕೆಟ್ಟು, ಅದಕ್ಕೆ ಈ ನೀರು ಸೇರಬಾರದು. ತಳದ ಕೆಸರನ್ನು ಚೀಲಕ್ಕೆ ತುಂಬಿ ವಾಪಸ್ ತನ್ನಿ. ದೇವಸ್ಥಾನದ ಕಲ್ಯಾಣಿಗೋ ಚರಂಡಿಗೋ ಬಿಡಬೇಡಿ. ಚರಂಡಿಯಲ್ಲಿ ಅದು ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂರುತ್ತದೆ.

ಕೆಸರು ರೈಲಿಗೆ ತಾಗದ ಹಾಗೆ ರೈಲನ್ನು ತೊಲೆಯ ಮೇಲ್ಮುಖಕ್ಕೆ ಹಾಕಿ, ಟೂಲಿನ ಸುತ್ತ ರಬ್ಬರ್ ಪರದೆ ಕಟ್ಟಿ. ರೈಲಿನ ಬ್ಲಾಕನ್ನು ಕೈಯಲ್ಲಿ ಸರಿಸಿದಾಗ ಬೆಣ್ಣೆಯ ಹಾಗೆ ಜಾರಬೇಕು. ಕರಕರ ಎಂದರೆ ಒಳಗೆ ಕಲ್ಲಿನ ಹಿಟ್ಟು ಸೇರಿದೆ. ಆ ದಿನ ಕೆಲಸ ನಿಲ್ಲಿಸಿ.

ಸೈಟಿನಲ್ಲಿ ಕರೆಂಟಿಗೆ ಏನು ಮಾಡುವುದು?

16 ಆಂಪ್ ಸಾಕೆಟ್, ಬೇರೆ ಯಾವುದೂ ಸೇರದ ಪ್ರತ್ಯೇಕ ಲೈನು. ಜನರೇಟರ್ ಆದರೆ 5 ಕೆವಿಎಗಿಂತ ಕಡಿಮೆಯದನ್ನು ನಾನು ನೆಚ್ಚಿಕೊಳ್ಳುವುದಿಲ್ಲ. ನೀರು ಮತ್ತು ಕರೆಂಟು ಒಂದೇ ಕಡೆ ಇರುವುದರಿಂದ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರಿಸುವ ಸ್ವಿಚ್), ಸರಿಯಾದ ಅರ್ಥಿಂಗ್ ಎರಡೂ ಬೇಕೇ ಬೇಕು. ಸ್ಪಿಂಡಲ್ ಓಡಿಸುವ ವಿಎಫ್‌ಡಿಯಿಂದ ಆರ್‌ಸಿಸಿಬಿ ಕೆಲವೊಮ್ಮೆ ಸುಮ್ನೆ ಸುಮ್ನೆ ಬೀಳುತ್ತದೆ. ಬೈಪಾಸ್ ಮಾಡಬೇಡಿ. ವಿಎಫ್‌ಡಿಗೆ ಹೊಂದುವ ಬಗೆಯ ಆರ್‌ಸಿಸಿಬಿ ಸಿಗುತ್ತದೆ, ಎಲೆಕ್ಟ್ರಿಷಿಯನ್‌ಗೆ ಕೇಳಿ.

ಇನ್ನೊಂದು ಮುಖ್ಯವಾದ ಮಾತು. ಕಂಟ್ರೋಲರ್‌ಗೆ ಯುಪಿಎಸ್ ಕೊಟ್ಟರೆ ಒಳ್ಳೆಯದು ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಕರೆಂಟು ಹೋದಾಗ ಸ್ಪಿಂಡಲ್ ನಿಂತು, ಯುಪಿಎಸ್ ಮೇಲಿನ ಮೋಟರುಗಳು ನಡೆಯುತ್ತಲೇ ಇದ್ದರೆ? ನಿಂತ ಬಿಟ್ಟನ್ನು ಯಂತ್ರ ಕಲ್ಲಿನೊಳಗೆ ಎಳೆದುಕೊಂಡು ಹೋಗುತ್ತದೆ. ಬಿಟ್ ಮುರಿಯುತ್ತದೆ, ಅಕ್ಷರದ ಅಂಚು ಹಾರುತ್ತದೆ. ವಿಎಫ್‌ಡಿ ನಿಂತ ಕೂಡಲೇ ಕಂಟ್ರೋಲರ್ ನಡಿಗೆ ನಿಲ್ಲಿಸುವ ಹಾಗೆ ಎರಡನ್ನೂ ತಂತಿಯಲ್ಲಿ ಕಟ್ಟಿಹಾಕಿ. ಕೆಲಸ ಶುರುವಿಗೆ ಮೊದಲು ಕಲ್ಲಿನ ಮರೆಯ ಜಾಗದಲ್ಲಿ ಎರಡು ಸಣ್ಣ ಗುರುತಿನ ತೂತು ಹಾಕಿಕೊಳ್ಳಿ. ಕರೆಂಟು ಬಂದ ಮೇಲೆ ಅದೇ ಜಾಗ ಹಿಡಿಯಲು, ಯಂತ್ರವನ್ನು ಮುಂದಕ್ಕೆ ಸರಿಸಿದಾಗ ಲೆಕ್ಕ ಕೂಡಿಸಲು ಅವೇ ಆಧಾರ.

ಕಂಟ್ರೋಲರ್ ಯಾವುದು? ಕನ್ನಡ ಅಕ್ಷರ ಸರಿಯಾಗಿ ಬರುತ್ತಾ?

ಲಿನಕ್ಸ್‌ಸಿಎನ್‌ಸಿ, ಗ್ರಬಲ್‌ಹಾಲ್, ಫ್ಲುಯಿಡ್‌ಎನ್‌ಸಿ ಎಲ್ಲವೂ ಉಚಿತ, ಎಲ್ಲವೂ ಒಳ್ಳೆಯವು. ತೊಲೆಯ ಎರಡು ಬದಿಗೂ ಮೋಟರ್ ಇದ್ದರೆ ಎರಡೂ ಬದಿಯ ಹೋಮ್ ಸ್ವಿಚ್ಚನ್ನು (ಶುರುವಿನ ಜಾಗ ತೋರಿಸುವ ಸ್ವಿಚ್) ಬೇರೆ ಬೇರೆ ಓದುವಂಥದ್ದೇ ಬೇಕು, ತೊಲೆ ತಾನಾಗಿ ಮೂಲೆಮಟ್ಟಕ್ಕೆ ಬರುತ್ತದೆ. ಕೆಸರಿನ ಕೈಯಲ್ಲಿ ಲ್ಯಾಪ್‌ಟಾಪ್ ಮುಟ್ಟಲು ಆಗದವರಿಗೆ ಪೆನ್‌ಡ್ರೈವ್ ಹಾಕುವ, ಕೈಯಲ್ಲಿ ಹಿಡಿಯುವ ಡಿಎಸ್‌ಪಿ ಕಂಟ್ರೋಲರ್ ಅನುಕೂಲ.

ಕನ್ನಡದ ವಿಷಯಕ್ಕೆ ಬಂದರೆ, ಟೂಲ್‌ಪಾತ್ (ಟೂಲ್ ನಡೆಯುವ ದಾರಿ) ಮಾಡುವ ಹಲವು ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ, ಅಕ್ಷರವನ್ನು ಪಾತ್ ಆಗಿ ಬದಲಿಸಿ, ಎಸ್‌ವಿಜಿ ಫೈಲ್ ಕೊಡಿ. ಕೊರೆಯುವ ಮೊದಲು ಹೆಸರನ್ನು ಮನೆಯವರಿಗೇ ಓದಿಸಿ. ಕಲ್ಲಿನಲ್ಲಿ ತಪ್ಪಿದ ದೀರ್ಘ ನೂರಾರು ವರ್ಷ ಹಾಗೇ ಇರುತ್ತದೆ.

ತಿರುಗುವ ಟೂಲಿಗೆ ನಮ್ಮ ಲಿಪಿಯಷ್ಟು ಹೊಂದುವ ಲಿಪಿಗಳು ಕಡಿಮೆ. ಗುಂಡು ಬಿಟ್ ಒಳಮೂಲೆಯನ್ನು ಗುಂಡಗೇ ಬಿಡುತ್ತದೆ, ಚೌಕ ಮೂಲೆ ಬರುವುದಿಲ್ಲ. ಕನ್ನಡಕ್ಕೆ ಚೌಕ ಮೂಲೆಯೇ ಬೇಡ. ತೊಂದರೆ ಬರುವುದು ‘ಷ್ಟ್ರ’, ‘ಸ್ತ್ರೀ’ ಇಂಥ ಕಡೆ. ಒತ್ತಿನ ಹೊಟ್ಟೆಯೊಳಗೆ ಉಳಿಯುವ ಚೂರು ಕಲ್ಲು 2 ಮಿ.ಮೀ.ಗಿಂತ ಕಡಿಮೆ ಇದ್ದರೆ ದಪ್ಪ ಹರಳಿನ ಗ್ರಾನೈಟ್‌ನಲ್ಲಿ ಅದು ಹಾರಿಹೋಗುತ್ತದೆ. ಅಲ್ಲಿ ಅಕ್ಷರ ದೊಡ್ಡದು ಮಾಡಿ, ಇಲ್ಲವೇ ಕರಿಕಲ್ಲು ತನ್ನಿ.

ಒಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ?

ಉಬ್ಬುಚಿತ್ರದ ಲೆಕ್ಕ ನೋಡಿ. 300 ಮಿ.ಮೀ. ಚೌಕ, ಗೆರೆಯಿಂದ ಗೆರೆಗೆ ಅರ್ಧ ಮಿ.ಮೀ. ಅಂದರೆ 600 ಗೆರೆ, ಒಟ್ಟು 180 ಮೀಟರ್ ನಡಿಗೆ. ನಿಮಿಷಕ್ಕೆ ಒಂದು ಮೀಟರ್ ನಡೆದರೆ 3 ಗಂಟೆ. ಇದು ಕೊನೆಯ ಸುತ್ತಿಗೆ ಮಾತ್ರ. ಅದಕ್ಕೂ ಮೊದಲಿನ ಒರಟು ಕೊರೆತ ಬೇರೆ. ಗ್ರಾಹಕರಿಗೆ ಈ ಲೆಕ್ಕ ಮೊದಲೇ ಹೇಳಿಬಿಡಿ.

ಲೇಸರ್, ವಾಟರ್ ಜೆಟ್ ಇವೆಲ್ಲ ಸುಲಭ ಅಲ್ವಾ?

ಚಿಕ್ಕ ಲೇಸರ್ ಕರಿಕಲ್ಲಿನ ಪಾಲಿಶ್ ಮುಖವನ್ನು ಬೆಳ್ಳಗೆ ಮಾಡಿ ಚಿತ್ರ ಬಿಡಿಸುತ್ತದೆ, ಆಳ ಕೊರೆಯುವುದಿಲ್ಲ. ವಾಟರ್ ಜೆಟ್ ಚೆನ್ನಾಗಿ ಕತ್ತರಿಸುತ್ತದೆ, ಆದರೆ ಸುಮಾರು 4000 ಬಾರ್ ಒತ್ತಡದ ಪಂಪನ್ನು ಹೊತ್ತುಕೊಂಡು ತಿರುಗಲು ಆಗುವುದಿಲ್ಲ.

ಕಂಬ ಕಡೆಯಬಹುದಾ?

ತಿರುಗುವ ನಾಲ್ಕನೇ ಅಕ್ಷ ಸೇರಿಸಿದರೆ ಚಿಕ್ಕ ಕಂಬ ಆಗುತ್ತದೆ. ಲಕ್ಕುಂಡಿಯಲ್ಲೋ ಬೇಲೂರಿನಲ್ಲೋ ಕಡೆದ ಕಂಬಗಳನ್ನು ನೋಡಿದ್ದೀರಾ? ಕಲ್ಲನ್ನೇ ತಿರುಗಿಸಿ ಉಳಿ ಹಿಡಿದು ಸುತ್ತು ಸುತ್ತು ಗೆರೆ ತೆಗೆದಿದ್ದಾರೆ. ಬೇಲೂರಿನ ದೇವಸ್ಥಾನ 1117ರದು. ಆ ಕಂಬಗಳ ಬಳೆಗಳ ಮೇಲೆ ಬೆರಳಾಡಿಸದೆ, ಕಣ್ಣು ಹತ್ತಿರ ಇಟ್ಟು ನೋಡಿ ಸಾಕು. ಮೆದು ಕಲ್ಲು, ಭಾರವಾದ ಕಲ್ಲೇ ಯಂತ್ರದ ಭಾಗ, ಅಲುಗದ ಆಸರೆ: ನಾವು ಇವತ್ತು ಲೆಕ್ಕ ಹಾಕುವುದೂ ಅದನ್ನೇ.

ಇದರಿಂದ ಶಿಲ್ಪಿಗಳ ಅನ್ನಕ್ಕೆ ಕಲ್ಲು ಬೀಳುವುದಿಲ್ವಾ?

ನಾನು ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಶಿವಾರಪಟ್ಟಣ, ಕಾರ್ಕಳ ಇಂಥ ಕಡೆ ತಲೆಮಾರುಗಳಿಂದ ಚಾಣ ಹಿಡಿದವರಿದ್ದಾರೆ. ಬರೀ ಯಂತ್ರದಲ್ಲಿ ಮುಗಿಸಿದ ಮೂರ್ತಿಯ ಮುಖ ಸತ್ತಿರುತ್ತದೆ, ಯಾರಿಗೇ ಆದರೂ ಗೊತ್ತಾಗುತ್ತದೆ. ನನ್ನ ಪದ್ಧತಿ ಇದು: ಒರಟು ಕಲ್ಲು ತೆಗೆಯುವುದು ಯಂತ್ರ, ಮೇಲೆ ಒಂದೂವರೆ ಮಿ.ಮೀ. ಕಲ್ಲು ಬಿಟ್ಟು ಶಿಲ್ಪಿಯ ಕೈಗೆ ಕೊಡುವುದು. ಧೂಳು, ಬೆನ್ನುನೋವು ಜಾಸ್ತಿ ಇರುವುದು ಒರಟು ಕೆಲಸದಲ್ಲೇ. ಮುಖ, ಬೆರಳು, ಒಡವೆ ಅವರದು. ಪೂಜೆಯ ಮೂರ್ತಿಗೆ ಕಣ್ಣು ತೆರೆಸುವುದಂತೂ ಶಿಲ್ಪಿಯೇ. ಯಂತ್ರ ಕೊಳ್ಳುವುದಾದರೆ ಶಿಲ್ಪಿಗಳೇ ನಾಲ್ಕು ಜನ ಸೇರಿ ಕೊಳ್ಳಲಿ ಎನ್ನುವುದು ನನ್ನ ಆಸೆ.

ಹಳೆಯ ದೇವಸ್ಥಾನದ ಕಲ್ಲಿನ ಮೇಲೆ ಕೆಲಸ ಮಾಡಬಹುದಾ?

ಸಂರಕ್ಷಿತ ಸ್ಮಾರಕವಾದರೆ ಮುಟ್ಟಲೇಬೇಡಿ, ಅದು 1958ರ ಕಾಯ್ದೆಯ ಪ್ರಕಾರ ಅಪರಾಧ. ಸಂರಕ್ಷಿತವಲ್ಲದ ಹಳೆಯ ಗುಡಿಯಲ್ಲೂ ಹಳೆಯ ಕಲ್ಲಿಗೆ ಬಿಟ್ ತಾಗಿಸಬೇಡಿ. ಮುರಿದ ಭಾಗಕ್ಕೆ ಹೊಸ ಕಲ್ಲು ಕೊರೆದು ಕೊಡಿ.

ಯಂತ್ರ ಮುಗಿಯಿತು. ಮೊದಲು ಏನು ಕೊರೆಯಲಿ?

ಒಂದು ಬೇಡದ ಕರಿಕಲ್ಲಿನ ತುಂಡು ತನ್ನಿ. 100 ಮಿ.ಮೀ. ಚೌಕ, ಅದರೊಳಗೆ ಒಂದು ವೃತ್ತ, ಸಣ್ಣ ವಿ ಬಿಟ್‌ನಲ್ಲಿ ಕೂದಲೆಳೆಯಷ್ಟು ತೆಳು ಗೆರೆ. ಎರಡು ಗುರುತಿನ ತೂತು. ಈಗ ಯಂತ್ರವನ್ನು ಪೂರ್ತಿ ಬಿಚ್ಚಿ, ಗಾಡಿಗೆ ಹಾಕಿ, ಹಳ್ಳ ದಿಣ್ಣೆ ಇರುವ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗಿ ಬನ್ನಿ. ಮತ್ತೆ ಜೋಡಿಸಿ. ಗುರುತಿನ ತೂತು ಹಿಡಿದು ಅದೇ ಚೌಕವನ್ನು ಅದರ ಮೇಲೇ ಮತ್ತೊಮ್ಮೆ ಕೊರೆಯಿರಿ. ಭೂತಗನ್ನಡಿ ಹಿಡಿದು ನೋಡಿ. ಎಲ್ಲಾದರೂ ಗೆರೆ ಎರಡಾಗಿ ಕಂಡರೆ ಮತ್ತೆ ಕೀಲಿಗೆ ಹೋಗಿ, ಪಿನ್ ನೋಡಿ, ಮುಖ ಒರೆಸಿ. ಗೆರೆ ಒಂದೇ ಕಾಣುವವರೆಗೆ ಯಾರ ಕಲ್ಲನ್ನೂ ಒಪ್ಪಿಕೊಳ್ಳಬೇಡಿ.